ಎಂಟು ಸರಪಳಿ ತುಪ್ಪ

ನಮ್ಮೂರಿನಿಂದ ಸ್ಟೇಷನ್ನಿಗೆ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ, ಯಾವ ದಿನದ ಲೆಕ್ಕ ಬೇಕು ಎಂದು ನಾವು ತಿರುಗಿ ಕೇಳುತ್ತೇವೆ. ಹೊಸಬರು ನಗುತ್ತಾರೆ. ನಾವು ನಗುವುದಿಲ್ಲ. ರಸ್ತೆ ಕಚೇರಿಯಲ್ಲಿ ಸರಪಳಿ ಹಿಡಿದು ಅಳೆಯುವ ಕೆಲಸಕ್ಕೆ ನಾನು ಸೇರಿದಾಗ ಅದು ನಾಲ್ಕೂವರೆ ಮೈಲಿ ಇತ್ತು. ಈಗ ಹತ್ತೊಂಬತ್ತು ದಾಟಿದೆ. ಊರು ಇದ್ದಲ್ಲೇ ಇದೆ, ಸ್ಟೇಷನ್ನೂ ಇದ್ದಲ್ಲೇ ಇದೆ, ನಡುವಿನ ದಾರಿ ಮಾತ್ರ ಬೆಳೆದಿದೆ.

ಅದು ಯಾವಾಗ ಬೆಳೆಯುತ್ತದೆ ಎನ್ನುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಪರವಾನಗಿ ಕಚೇರಿಯಲ್ಲೋ ನೋಂದಣಿ ಕಚೇರಿಯಲ್ಲೋ ಮೇಜಿನ ಕೆಳಗೆ ಒಂದು ಕೈಯಿಂದ ಇನ್ನೊಂದು ಕೈಗೆ ಏನಾದರೂ ದಾಟಿದರೆ, ಮಾರನೆಯ ಬೆಳಿಗ್ಗೆ ದಾರಿಯ ಮಧ್ಯೆ ಎಲ್ಲೋ ಒಂದು ಕಡೆ ಹೊಸ ತುಂಡು ಬಂದು ಕೂತಿರುತ್ತದೆ. ಸಣ್ಣ ಕೆಲಸಕ್ಕೆ ಒಂದೆರಡು ಸರಪಳಿ, ನೌಕರಿಯಂಥದ್ದಕ್ಕೆ ಒಂದು ಫರ್ಲಾಂಗು, ಟೆಂಡರು ಗಿಂಡರು ಅಂದರೆ ಮೈಲಿಗಟ್ಟಲೆ. ನಮ್ಮ ಸರಪಳಿ ಅರವತ್ತಾರು ಅಡಿ, ಎಂಬತ್ತು ಸರಪಳಿ ಸೇರಿದರೆ ಒಂದು ಮೈಲಿ. ಆ ಹೊಸ ತುಂಡಿನ ಎರಡೂ ಕಡೆ ಬೂದು ಬಣ್ಣದ ನೆಲವಿರುತ್ತದೆ. ಅಲ್ಲಿ ಗಿಡವಿಲ್ಲ, ಹುಲ್ಲಿಲ್ಲ. ಕುರಿ ಕಾಯುವವರು ಕೂಡ ಅಲ್ಲಿ ನಿಲ್ಲುವುದಿಲ್ಲ. ಒಂದು ವರ್ಷ ಯಾರೋ ಆಸೆಬುರುಕ ಆ ನೆಲವನ್ನು ಗುತ್ತಿಗೆಗೆ ಹಿಡಿದು ಹುರುಳಿ ಚೆಲ್ಲಿದ್ದ. ಮೊಳಕೆ ಕೂಡ ಬರಲಿಲ್ಲ.

ಇಂಥ ತುಂಡುಗಳಿಗೆ ಹೆಸರಿಡುವುದು ನಮ್ಮೂರ ರೂಢಿ. ಯಾವ ಕೆಲಸ ಆಗಬೇಕೆಂದು ಕೊಟ್ಟರೋ ಅದೇ ಹೆಸರು. ಕಚೇರಿಯವರು ಹೇಳುತ್ತಿದ್ದರು, ನಾನು ಕಲ್ಲು ನೆಟ್ಟು ಅದರ ಮೇಲೆ ಸುಣ್ಣದಲ್ಲಿ ಬರೆಯುತ್ತಿದ್ದೆ. 'ದಫೇದಾರರ ಮಗನ ನೌಕರಿ', 'ನಿಂಗಣ್ಣನ ಸೈಟು', 'ಸೇತುವೆ ಟೆಂಡರು'. ಬಸ್ಸಿನ ಕಂಡಕ್ಟರ್ ಪಾಲಾಕ್ಷ ಸ್ಟಾಪು ಬಂದ ಹಾಗೆ ಕೂಗುತ್ತಿದ್ದ, "ನೌಕರಿ ಇಳಿಯೋರು ಯಾರ್ರೀ, ಮುಂದೆ ಬನ್ನಿ." ಇದರಲ್ಲಿ ಯಾರಿಗೂ ನಾಚಿಕೆಯಿರಲಿಲ್ಲ. ಹೆಣ್ಣು ಕೊಡುವವರು ಗಂಡಿನ ಮನೆಯವರ ಹೆಸರಿನಲ್ಲಿ ರಸ್ತೆ ಎಷ್ಟಿದೆ ಎಂದು ಕೇಳುವ ಕಾಲವೂ ಬಂದಿತ್ತು. ಉದ್ದ ಇದ್ದಷ್ಟೂ ಕೈ ನಡೆಯುವ ಜನ ಎಂದು ಅರ್ಥ.

ನಮ್ಮ ಸಾಹೇಬರಿಗಂತೂ ಖುಷಿಯೋ ಖುಷಿ. ಹೋದ ವರ್ಷಕ್ಕಿಂತ ಈ ವರ್ಷ ಒಂದೂಕಾಲು ಮೈಲಿ ರಸ್ತೆ ಹೆಚ್ಚಾಗಿದೆ ಎಂದು ಮೇಲಕ್ಕೆ ಬರೆದು ಕಳಿಸುತ್ತಿದ್ದರು. ಮೇಲಿನವರು ಭೇಷ್ ಎನ್ನುತ್ತಿದ್ದರು. ರಸ್ತೆ ಬೆಳೆದರೆ ಜಲ್ಲಿ ಬೇಕು, ಡಾಂಬರು ಬೇಕು, ಆಳು ಬೇಕು. ಊರಿನ ಅರ್ಧ ಗಂಡಸರು ರಸ್ತೆ ಕೆಲಸಕ್ಕೇ ಹೋಗುತ್ತಿದ್ದರು. ಬೆಳೆದಿದ್ದೇವೆ ಅಂತಲೇ ನಾವೆಲ್ಲ ತಿಳಿದಿದ್ದೆವು. ಆದರೆ ಉಪ್ಪಿನಿಂದ ಸೀಮೆಎಣ್ಣೆಯವರೆಗೆ ಹೊರಗಿನಿಂದ ಬರುವುದೆಲ್ಲ ತುಟ್ಟಿಯಾಯಿತು. ನಾವು ಕಳಿಸುವುದಕ್ಕೆಲ್ಲ ಬೆಲೆ ಇಳಿಯಿತು. ಕುಂಬಾರರ ಗಾಡಿಗಳು ನಿಂತವು, ಅಷ್ಟು ದೂರ ಕುಲುಕಾಡಿ ಹೋದರೆ ಮಡಕೆಯಲ್ಲಿ ಉಳಿಯುವುದೇನು. ನೂಲಿನ ಗಿರಣಿ ಹಾಕುತ್ತೇವೆಂದು ಇಬ್ಬರು ಬಂದಿದ್ದರು. ಬರುವಾಗ ಒಂದು ಲೆಕ್ಕ ಬರೆದುಕೊಂಡಿದ್ದರು, ಒಂದು ವಾರ ಕಚೇರಿಗಳನ್ನು ಸುತ್ತಿ ಹೋಗುವಾಗ ಬೇರೆಯೇ ಲೆಕ್ಕ ಬಂತು. ಅವರು ಮತ್ತೆ ಬರಲಿಲ್ಲ. ವಾರಕ್ಕೆ ಎರಡು ಸಲ ಬರುತ್ತಿದ್ದ ಡಾಕ್ಟರು ಹದಿನೈದು ದಿನಕ್ಕೊಮ್ಮೆ ಬರತೊಡಗಿದರು. ರಸ್ತೆ ರಿಪೇರಿ ಮಾಡುವ ಜನ ಹೆಚ್ಚಾದರು, ಆ ರಸ್ತೆಯಲ್ಲಿ ಕಳಿಸುವುದಕ್ಕೆ ಸರಕು ಕಡಿಮೆಯಾಯಿತು. ಇದನ್ನು ನಾನು ಆಗ ಹೀಗೆ ಯೋಚಿಸಿರಲಿಲ್ಲ. ನನ್ನ ಕೆಲಸ ಅಳೆಯುವುದು, ಬರೆಯುವುದು. ಸರಪಳಿ ಎಷ್ಟು ಹೇಳಿತೋ ಅಷ್ಟು. ಒಂದು ಕೊಂಡಿ ಹೆಚ್ಚಿಲ್ಲ, ಒಂದು ಕೊಂಡಿ ಕಡಿಮೆಯಿಲ್ಲ. ಅದರ ಬಗ್ಗೆ ನನಗೆ ಬಹಳ ಜಂಬವಿತ್ತು.

ಎಲ್ಲ ನಿಂತ ಮೇಲೂ ನಮ್ಮೂರಿನಿಂದ ದಿನಾ ಹೋಗುತ್ತಿದ್ದ ಸರಕು ಒಂದೇ, ಹಾಲು. ಅದನ್ನು ನಡೆಸುತ್ತಿದ್ದವಳು ನನ್ನ ಹೆಂಡತಿ ಗಿರಿಯಮ್ಮ. ಮೂವತ್ತೊಂದು ಮನೆಗಳ ಎಮ್ಮೆ ಹಾಲು ಏಳು ಸೈಕಲ್ಲಿನ ಮೇಲೆ ಹೊರಟು ಎಂಟೂವರೆಯ ರೈಲಿಗೆ ಸೇರಬೇಕು. ಪಟ್ಟಣದ ಡೇರಿಯವರ ಮನುಷ್ಯ ಒಬ್ಬ ಪ್ಲಾಟ್‌ಫಾರಂ ಮೇಲೆ ನಿಂತಿರುತ್ತಿದ್ದ. ಒಂದೊಂದು ಕ್ಯಾನಿನಿಂದಲೂ ಒಂದು ತೊಟ್ಟು ಅಂಗೈಗೆ ಹಾಕಿ ನೆಕ್ಕಿ ನೋಡಿ ತೆಗೆದುಕೊಳ್ಳುತ್ತಿದ್ದ. ಊರಿನಲ್ಲಿ ಹೆಂಗಸರ ಕೈಗೆ ನಾಲ್ಕು ಕಾಸು ಬರುತ್ತಿದ್ದದ್ದು, ಮಕ್ಕಳು ಸ್ಕೂಲಿಗೆ ಚಪ್ಪಲಿ ಹಾಕಿಕೊಂಡು ಹೋಗುತ್ತಿದ್ದದ್ದು ಆ ರೈಲಿನಿಂದ. ಪಕ್ಕದ ಮನೆಯ ಹೊನ್ನೂರಮ್ಮನ ಗಂಡ ಜಲ್ಲಿ ಕ್ವಾರಿಯಲ್ಲಿ ಸೊಂಟ ಮುರಿದುಕೊಂಡು ನಾಲ್ಕು ವರ್ಷದಿಂದ ಮಲಗಿದ್ದ. ಮೂರು ಎಮ್ಮೆ ಇಟ್ಟುಕೊಂಡು ಅವಳು ಐದು ಜನರ ಹೊಟ್ಟೆ ನೋಡುತ್ತಿದ್ದಳು.

ರಸ್ತೆ ಹದಿನಾರು ಮೈಲಿ ಆದ ವರ್ಷ ಸೈಕಲ್ಲುಗಳು ಸೋಲತೊಡಗಿದವು. ಹುಡುಗರು ಏದುಸಿರು ಬಿಡುತ್ತ ತುಳಿದರೂ ಸ್ಟೇಷನ್ನು ಕಾಣುವ ಹೊತ್ತಿಗೆ ರೈಲು ಕೂಗಿರುತ್ತಿತ್ತು. ಇನ್ನೂ ಬೇಗ ಹೊರಡೋಣವೆಂದರೆ, ರೈಲಿನ ಟೈಮು ಎಮ್ಮೆಗೆ ಗೊತ್ತಾಗಬೇಕಲ್ಲ. ಅದು ತನ್ನ ಹೊತ್ತಿಗೇ ಸೊರೆ ಬಿಡುವುದು. ಮಾಘ ಮಾಸದಲ್ಲಿ ಎರಡು ಸಲ ರೈಲು ತಪ್ಪಿತು. ಎರಡು ಸಲವೂ ಅಷ್ಟೂ ಹಾಲನ್ನು ಹೊತ್ತು ವಾಪಸ್ ತಂದರು, ಬರುವಾಗ ದಾರಿಯಲ್ಲೇ ಒಡೆಯಿತು. ಡೇರಿಯವನು ಒಳ್ಳೆಯವನೇ. ಆದರೂ ಹೇಳಿಬಿಟ್ಟ, "ಗಿರಿಯಮ್ಮೋರೆ, ಬೇಜಾರು ಮಾಡ್ಕೋಬೇಡಿ. ಇನ್ನೊಂದು ಸಲ ತಪ್ಪಿದ್ರೆ ನಿಮ್ಮ ಕ್ಯಾನು ಬೇರೆ ಊರಿಗೆ ಕೊಡು ಅಂತ ಮೇಲಿಂದ ಬಂದದೆ."

ಉಳಿದಿದ್ದು ಒಂದೇ ದಾರಿ, ವ್ಯಾನು. ವ್ಯಾನಿಗೇನೂ ತೊಂದರೆಯಿರಲಿಲ್ಲ. ದಸ್ತಗೀರ ಎಂಬ ಡ್ರೈವರು, ಮದುವೆ ಸಾಮಾನು ಸಾಗಿಸುತ್ತಿದ್ದವನು, ಮದುವೆಗಳೇ ಕಡಿಮೆಯಾಗಿ ಸುಮ್ಮನೆ ಕೂತಿದ್ದ. ತೊಂದರೆಯಿದ್ದದ್ದು ಹಾಲು ಸಾಗಿಸುವ ಪರವಾನಗಿಗೆ. ಗಿರಿಯಮ್ಮ ಅರ್ಜಿ ಕೊಟ್ಟು ಆಗಲೇ ಏಳು ತಿಂಗಳಾಗಿತ್ತು. ವಾರಕ್ಕೊಂದು ಸಲ ಹೋಗಿ ಬೆಂಚಿನ ಮೇಲೆ ಕೂತು ಬರುತ್ತಿದ್ದಳು. ಗುಮಾಸ್ತ ಅಶ್ವತ್ಥಯ್ಯ ಕೂಗಾಡುವ ಮನುಷ್ಯನಲ್ಲ. ಅವಳನ್ನು ಕಂಡರೆ ಕೂರಿಸಿ, ಕುಡಿಯಲು ನೀರು ಕೊಟ್ಟು, "ನೋಡೋಣಮ್ಮ, ಆಗ್ತದೆ" ಎನ್ನುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಕೇಳದೆ ಇರುವುದೇ ಅವರು ಕೇಳುವ ರೀತಿ ಎನ್ನುವುದು ಊರಿಗೆಲ್ಲ ಗೊತ್ತಿತ್ತು.

ಒಂದು ದಿನ ಹೊನ್ನೂರಮ್ಮ ಜಗಲಿಯ ಮೇಲೆ ಕೂತು ಮಾತು ತೆಗೆದಳು. "ಗಿರಿಯಕ್ಕ, ಎಲ್ಲಾರೂ ಕೊಡ್ತಾರೆ. ನಾವು ಮೂವತ್ತೊಂದು ಮನೇರು ಸೇರಿ ಒಂದಿಷ್ಟು ಕೊಟ್ಬಿಟ್ರೆ ಏನಾಗ್ತದೆ?"

ಗಿರಿಯಮ್ಮ ಕ್ಯಾನಿಗೆ ಬೂದಿ ಹಾಕಿ ತಿಕ್ಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಹಾಲು ಬಿರೀನೆ ಹೋಗ್ಲಿ ಅಂತ ದಾರೀನೇ ಉದ್ದ ಮಾಡ್ಕೊಳೋ ಅಷ್ಟು ಪೆದ್ದಿ ಅಲ್ಲ ಕಣೇ ನಾನು. ದಾರಿ ಉದ್ದ ಆಗಿದ್ದಕ್ಕೇ ಅಲ್ವಾ ಈ ಗತಿ ಬಂದಿರೋದು?"

"ಒಂದು ನಾಕು ಮಾರು ಉದ್ದ ಆಗ್ತದೆ, ಅಷ್ಟೇ ತಾನೇ."

"ಹತ್ತೊಂಬತ್ತು ವರ್ಷದಿಂದ ಎಲ್ಲಾರೂ ಅದೇ ಹೇಳ್ತಾವ್ರೆ, ನಾಕು ಮಾರು ಅಂತ. ನಮ್ಮ ಯಜಮಾನರನ್ನ ಕೇಳು, ಅವರ ಸರಪಳಿ ಏನು ಹೇಳ್ತದೆ ಅಂತ."

ನನಗೆ ಒಳಗೊಳಗೇ ಹಿಗ್ಗು. ಊರಿನಲ್ಲಿ ತನ್ನ ಹೆಸರಿನ ತುಂಡು ಇಲ್ಲದವರು ಬೆರಳೆಣಿಕೆಯ ಜನ, ಅವರಲ್ಲಿ ನನ್ನ ಹೆಂಡತಿ ಒಬ್ಬಳು. ಆಡಿಕೊಳ್ಳುವವರು ಆಡಿಕೊಳ್ಳುತ್ತಿದ್ದರು. ಆದರೂ ಎಷ್ಟೋ ಜನ ಕಚೇರಿಗೆ ಹೋಗುವಾಗ ಅವಳನ್ನು ಬೆಂಚಿನ ಮೇಲೆ ನೋಡಿ, ಲಕೋಟೆಯನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದದ್ದುಂಟು. ಆ ಹೆಂಗಸೇ ಕಾಯುತ್ತಾಳಂತೆ, ನಾವೂ ಒಂದು ವಾರ ನೋಡೋಣ ಎಂದು. ಅವಳು ಕೂತ ದಿನ ರಸ್ತೆ ಬೆಳೆಯುವುದು ಕಡಿಮೆ ಎನ್ನುವುದು ನನ್ನ ಪುಸ್ತಕದಲ್ಲೇ ಕಾಣುತ್ತಿತ್ತು. ಅದನ್ನು ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೊಗಳಿದರೆ ಎಲ್ಲಿ ತಲೆಗೇರುತ್ತದೋ ಎನ್ನುವ ಗಂಡಸಿನ ಬುದ್ಧಿ.

ಫಾಲ್ಗುಣ ಬಂತು, ಬಿಸಿಲು ಏರಿತು. ಒಂದು ಬೆಳಿಗ್ಗೆ ಏಳು ಸೈಕಲ್ಲಿನಲ್ಲಿ ಎರಡು ಪಂಕ್ಚರಾಗಿ, ಕೊನೆಯ ಹುಡುಗ ಹಳಿಯ ಪಕ್ಕ ಓಡಿಕೊಂಡೇ ಹೋಗಿ ಗಾರ್ಡಿನ ಡಬ್ಬಿಗೆ ಕ್ಯಾನು ಎತ್ತಿ ಹಾಕಿದನಂತೆ. ಆ ಸಂಜೆ ಗಿರಿಯಮ್ಮ ಊಟ ಮಾಡಲಿಲ್ಲ. "ನಾಳೆ ತಪ್ತದೆ ಕಣ್ರೀ," ಎಂದಳು. "ನಾಳೆ ಅಲ್ಲದಿದ್ರೆ ನಾಡಿದ್ದು. ಹೊನ್ನೂರಿ ಏನು ಮಾಡ್ತಾಳೆ?" ಎಂದವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ಎರಡು ಸಲ ನೋಡಿದ್ದೆ. ಅದು ಮೂರನೆಯದು. 

ಮಾರನೆಯ ದಿನ ನಾನು ಅಟ್ಟದ ಮೇಲಿದ್ದ ತುಪ್ಪದ ಗಡಿಗೆ ಇಳಿಸಿದೆ. ಎರಡು ಸೇರು ತುಪ್ಪ, ಹಬ್ಬಕ್ಕೆಂದು ಅವಳು ಕಾಯಿಸಿ ಇಟ್ಟದ್ದು. ಸಾಹೇಬರ ಮೊಮ್ಮಗುವಿನ ನಾಮಕರಣ, ಬರಿಗೈಲಿ ಹೋದರೆ ಚೆನ್ನಾಗಿರಲ್ಲ ಎಂದೆ. ಅವಳೇ ಬಾಳೆಲೆ ಸುತ್ತಿ, ಬಟ್ಟೆ ಕಟ್ಟಿ, "ಹುಷಾರು, ಚೆಲ್ಲೀತು" ಎಂದು ಕೈಗೆ ಕೊಟ್ಟಳು. ನಾನು ನೇರವಾಗಿ ಪರವಾನಗಿ ಕಚೇರಿಗೆ ಹೋದೆ.

ಅಶ್ವತ್ಥಯ್ಯ ಗಡಿಗೆಯ ಬಟ್ಟೆ ಬಿಚ್ಚಿ, ಮೂಸಿ, ಕಣ್ಣು ಮುಚ್ಚಿದರು. "ಆಹಾ, ಮನೇಲಿ ಕಾಯಿಸಿದ್ದು. ಗಿರಿಯಮ್ಮನೋರ ಕೈದಾ?"

"ಹೌದು ಸ್ವಾಮಿ."

"ನಮ್ಮನೇಲಿ ಬಾಣಂತಿ ಇದಾಳೆ. ಕರುಳು ತಣ್ಣಗಾಗ್ತದೆ ನೋಡಿ." ಗಡಿಗೆಯನ್ನು ಮೇಜಿನ ಕೆಳಗೆ, ಕಾಲಿಗೆ ತಾಗದ ಹಾಗೆ, ಬಹಳ ಜೋಪಾನವಾಗಿ ಇಟ್ಟರು. "ತಿಮ್ಮರಾಯಪ್ಪ, ನಾನು ಯಾವತ್ತಾದ್ರೂ ಬಾಯಿಬಿಟ್ಟು ಕೇಳಿದ್ನಾ?"

"ಇಲ್ಲ ಸ್ವಾಮಿ."

"ಕೇಳೋನಲ್ಲ ನಾನು. ನಿಮ್ಮ ಮನೆಯೋರು ಬಂದು ಕೂತಾಗೆಲ್ಲ ನನಗೂ ಸಂಕಟ ಆಗ್ತಿತ್ತು. ಆದ್ರೆ ಒಬ್ಬರಿಗೆ ಸುಮ್ಮನೆ ಮಾಡಿಕೊಟ್ರೆ ಉಳಿದೋರು ಬಂದು ನನ್ನನ್ನ ಕೇಳೋಲ್ವಾ?" ಎನ್ನುತ್ತ ಕಾಗದಕ್ಕೆ ಮೊಹರು ಒತ್ತಿದರು. ಕಡತ ಹುಡುಕುವ ಶ್ರಮವೂ ಇರಲಿಲ್ಲ. ಏಳು ತಿಂಗಳಿಂದ ಅದು ಅವರ ಕೈಯಳತೆಯಲ್ಲೇ ಇತ್ತು.

ವಾಪಸ್ ಬರುವಾಗ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ತುಪ್ಪಕ್ಕೆ ಹೆಚ್ಚೆಂದರೆ ಎಂಟು ಸರಪಳಿ. ವ್ಯಾನಿಗೆ ಅದು ಎಷ್ಟು ಹೊತ್ತು? ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ದಾಟುತ್ತದೆ. ಸೈಕಲ್ಲಿನ ಮುಂದೆ ವ್ಯಾನು ಉಳಿಸಿಕೊಡುವ ಹೊತ್ತು ಎಷ್ಟು, ಈ ಎಂಟು ಸರಪಳಿ ತಿನ್ನುವ ಹೊತ್ತು ಎಷ್ಟು. ಲೆಕ್ಕ ಸರಿಯಾಗಿಯೇ ಇತ್ತು. ದಫೇದಾರರೂ ನಿಂಗಣ್ಣನೂ ಹಾಕಿದ್ದು ಇದೇ ಲೆಕ್ಕ, ಅವರದ್ದೂ ಸರಿಯಾಗಿಯೇ ಇತ್ತು.

ಕಾಯಿಸಿ ಕಾಯಿಸಿ ಕೊನೆಗೆ ಕೊಟ್ಟರು ಎಂದು ಕಾಗದ ಅವಳ ಕೈಗಿಟ್ಟೆ. ಅವಳ ಮುಖ ನೋಡಬೇಕಿತ್ತು. ಕಾಗದವನ್ನು ಕಣ್ಣಿಗೊತ್ತಿಕೊಂಡಳು. "ನೋಡಿದ್ರಾ, ಕಾದರೆ ಆಗ್ತದೆ ಅಂತ ನಾನು ಹೇಳಲಿಲ್ವಾ?" ಎಂದು ಬೀದಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದಳು. ಹೊನ್ನೂರಮ್ಮ ಅವಳ ಕೈ ಹಿಡಿದುಕೊಂಡು ಅತ್ತಳು. ನಾನು ಸರಪಳಿಗೆ ಎಣ್ಣೆ ಹಾಕುವ ನೆಪದಲ್ಲಿ ಹಿತ್ತಲಿಗೆ ಹೋದೆ.

ಮಾರನೆಯ ಬೆಳಿಗ್ಗೆ ಒಂಬತ್ತನೆಯ ಮೈಲಿ ದಾಟಿದ ಮೇಲೆ ಹೊಸ ತುಂಡು ಸಿಕ್ಕಿತು. ಅಳೆದೆ. ಎಂಟು ಸರಪಳಿ, ಹದಿನಾರು ಕೊಂಡಿ. ಕಲ್ಲು ನೆಟ್ಟೆ, ಹೆಸರು ಬರೆಯಲಿಲ್ಲ. ನನ್ನ ನೌಕರಿಯಲ್ಲಿ ಖಾಲಿ ಬಿಟ್ಟ ಮೊದಲ ಕಲ್ಲು ಅದು.

ವ್ಯಾನು ಚೆನ್ನಾಗಿ ಓಡಿತು. ಎಲ್ಲ ಮನೆಗಳ ಹಾಲು ತುಂಬಿಕೊಂಡು ಏಳೂಕಾಲಿಗೆ ಊರು ಬಿಟ್ಟರೆ ಎಂಟೂಕಾಲಿಗೆ ಸ್ಟೇಷನ್ನು. ಗಿರಿಯಮ್ಮ ದಸ್ತಗೀರನ ಪಕ್ಕ ಕೂತು ಹೋಗುತ್ತಿದ್ದಳು. ಅಳತೆ ಕೆಲಸಕ್ಕೆ ಹೋಗುವ ನಾನು ಹಿಂದೆ ಕ್ಯಾನುಗಳ ಜೊತೆ. ಹಾಲು ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಪ್ಲಾಟ್‌ಫಾರಮ್ಮಿನ ಕಲ್ಲುಬೆಂಚಿನ ಮೇಲೆ ಒಂದು ಲೋಟ ಚಹಾ ಕುಡಿದು ಮುಗಿಸಿದ ಮೇಲೆ ರೈಲು ಬರುತ್ತಿತ್ತು. ಅಷ್ಟು ನೆಮ್ಮದಿಯಾಗಿ ಅವಳು ಚಹಾ ಕುಡಿದದ್ದನ್ನು ನಾನು ಬೇರೆ ಯಾವಾಗಲೂ ನೋಡಿಲ್ಲ. ಮಾಡಿದ್ದು ಸರಿ ಎಂದೇ ನನಗೆ ಅನ್ನಿಸುತ್ತಿತ್ತು, ಇದನ್ನು ಮುಚ್ಚಿಡುವುದಿಲ್ಲ.

ಹದಿನೆಂಟು ದಿನ ಹೀಗೆ ನಡೆಯಿತು. ಹತ್ತೊಂಬತ್ತನೆಯ ದಿನ ಹಾಲಿಳಿಸಿದ ಮೇಲೆ ವ್ಯಾನಿನ ಸ್ಪ್ರಿಂಗಿನ ಪಾಟಾ ಮುರಿದು, ದಸ್ತಗೀರ ಅಲ್ಲೇ ಉಳಿದ. ನಾವಿಬ್ಬರೂ ಬಸ್ಸು ಹತ್ತಿದೆವು. ಪಾಲಾಕ್ಷ ಎಂದಿನ ಹಾಗೆ ಒಂದೊಂದೇ ಸ್ಟಾಪು ಕೂಗುತ್ತ ಬಂದ. ಟೆಂಡರು ದಾಟಿತು, ಸೈಟು ದಾಟಿತು. ಆಮೇಲೆ ಅವನು ಟಿಕೆಟ್ಟಿನ ಚೀಲ ಸರಿಮಾಡಿಕೊಳ್ಳುತ್ತ ಕೂಗಿದ, "ಗಿರಿಯಮ್ಮನ ತುಪ್ಪ ಯಾರ್ರೀ, ಗಿರಿಯಮ್ಮನ ತುಪ್ಪ."

ಅವಳು ಮೊದಲು ನಕ್ಕಳು. ತಮಾಷೆ ಎಂದುಕೊಂಡಳು. "ಏನಪ್ಪ ಪಾಲಾಕ್ಷ, ಹಂಗಂದ್ರೆ?"

ಪಾಲಾಕ್ಷನಿಗೆ ಕೆಟ್ಟ ಮನಸ್ಸಿರಲಿಲ್ಲ. ಅವಳನ್ನು ಆಗ ನೋಡಿ ಅವನ ಮುಖ ಅರಳಿತು. "ಅಯ್ಯೋ, ನೀವೇ ಇದೀರಾ ಗಿರಿಯಕ್ಕ. ಅಶ್ವತ್ಥಯ್ಯನೋರು ಇದೇ ಬಸ್ಸಲ್ಲಿ ಹೇಳ್ತಿದ್ರು, ಅಂಥ ತುಪ್ಪ ಅವರ ಜನ್ಮದಲ್ಲೇ ತಿಂದಿಲ್ವಂತೆ. ಬಾಣಂತಿ ನಿಮ್ಮ ಹೆಸರು ಹೇಳ್ಕೊಂಡು ಉಣ್ತಾಳಂತೆ. ಕಲ್ಲು ಖಾಲಿ ಇತ್ತಲ್ಲ, ಅದಕ್ಕೆ ನಾನೇ ಹೆಸರು ಕೂಗೋಕೆ ಶುರು ಮಾಡಿದೆ. ಈಗ ಎಲ್ಲಾರೂ ಹಂಗೇ ಅಂತಾರೆ."

ಅವಳು ನನ್ನ ಕಡೆ ತಿರುಗಿದಳು. ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಅಷ್ಟರಲ್ಲೇ ಅವಳಿಗೆ ಗೊತ್ತಾಗಿಹೋಯಿತು. "ಇಳಿಸಪ್ಪ ಇಲ್ಲೇ," ಎಂದಳು.

ಬಸ್ಸು ಹೋದ ಮೇಲೆ ಆ ಬೂದು ನೆಲದ ನಡುವೆ ನಾವಿಬ್ಬರೇ ನಿಂತೆವು. ಬಿಸಿಲು ಚುರುಗುಟ್ಟುತ್ತಿತ್ತು. ನಿಲ್ಲಲು ನೆರಳೆಂಬುದಿಲ್ಲ. ಅವಳು ಆ ತುದಿ ಈ ತುದಿ ನೋಡಿದಳು.

"ನಾಮಕರಣ ಅಂದ್ರಿ."

"ಹೂಂ."

"ನಾನೇ ಬಟ್ಟೆ ಕಟ್ಟಿಕೊಟ್ಟೆ."

"ಬೈಯಿ ಬೇಕಾದ್ರೆ. ಹೊಡಿ ಬೇಕಾದ್ರೆ. ಆವತ್ತು ನೀನು ಅತ್ತಿದ್ದು ನೋಡಕ್ಕಾಗಲಿಲ್ಲ ಕಣೇ. ಇನ್ನೊಂದು ಸಲ ತಪ್ಪಿದ್ರೆ ಎಲ್ಲಾ ಮುಗೀತಿತ್ತು."

ಅವಳು ಬೈಯಲಿಲ್ಲ. "ಎಷ್ಟು ಉದ್ದ ಇದೆ?" ಎಂದಳು.

"ಎಂಟು ಸರಪಳಿ, ಹದಿನಾರು ಕೊಂಡಿ."

ಅವಳು ಚಪ್ಪಲಿ ಕೈಗೆ ತೆಗೆದುಕೊಂಡು ಆ ತುದಿಯಿಂದ ಈ ತುದಿಯವರೆಗೆ ನಡೆದಳು. ನಾನು ಹಿಂದೆ ನಡೆದೆ. 

ಅವಳು ಪರವಾನಗಿ ಹರಿದು ಹಾಕುತ್ತಾಳೆ ಎಂದು ನಾನು ಹೆದರಿದ್ದೆ. ಹರಿಯಲಿಲ್ಲ. ಅದರಲ್ಲಿ ಮೂವತ್ತೊಂದು ಮನೆಗಳ ಅನ್ನವಿತ್ತು, ಅದನ್ನು ಹರಿಯುವ ಹಕ್ಕು ತನಗಿಲ್ಲ ಎಂದಳು. ಆದರೆ ಮಾರನೆಯ ದಿನದಿಂದ ವ್ಯಾನು ಆ ತುಂಡಿನ ಹತ್ತಿರ ಬರುತ್ತಿದ್ದಂತೆ "ದಸ್ತಗೀರಣ್ಣ, ನಿಲ್ಲಿಸು" ಎಂದು ಇಳಿಯತೊಡಗಿದಳು. ವ್ಯಾನು ಮುಂದೆ ಹೋಗಿ ಆ ತುದಿಯಲ್ಲಿ ನಿಲ್ಲಬೇಕು, ಅವಳು ನಡೆದು ಬಂದು ಹತ್ತಬೇಕು. ಮಂಡಿ ನೋವಿನ ಹೆಂಗಸು, ಮೂರು ನಿಮಿಷ ಹಿಡಿಯುತ್ತಿತ್ತು. ಬರುವಾಗಲೂ ಹಾಗೇ. "ಇದ್ರ ಮೇಲೆ ಕೂತ್ಕೊಂಡು ಹೋಗಕ್ಕೆ ನನ್ನಿಂದ ಆಗಲ್ಲಪ್ಪ," ಎನ್ನುತ್ತಿದ್ದಳು. ವಿಷಯ ಕೇಳಿದ ನಮ್ಮ ಬೀದಿಯ ಹೆಂಗಸರು ನಗುತ್ತಿದ್ದರು. ದಸ್ತಗೀರ ನಗುತ್ತಿರಲಿಲ್ಲ. ಅವಳು ಇಳಿದಾಗ ಹಾರನ್ನು ಕೂಡ ಬಾರಿಸದೆ ಕಾಯುತ್ತಿದ್ದ.

ಅವಳು ನಡೆದದ್ದನ್ನು ಊರು ನೋಡಲಿಲ್ಲ. ಊರು ಕೇಳಿದ್ದು ಪಾಲಾಕ್ಷನ ಕೂಗನ್ನು. ಗಿರಿಯಮ್ಮನೂ ಕೊಟ್ಟಳಂತೆ, ಎರಡು ಸೇರು ತುಪ್ಪ ಕೊಟ್ಟಳಂತೆ, ಕೊಟ್ಟ ದಿನವೇ ಕೆಲಸವಾಯಿತಂತೆ. ತರಕಾರಿಯವರು ಹೋಗಿ ಕೊಟ್ಟು ವ್ಯಾನಿನ ಪರವಾನಗಿ ತಂದರು. ಇಟ್ಟಿಗೆ ಗೂಡಿನವರು ತಂದರು. ತಮ್ಮ ಪಿಂಚಣಿ ಬರಲಿ ಎಂದು ಎರಡು ವರ್ಷದಿಂದ ಕಾಯುತ್ತಿದ್ದ ಮೇಷ್ಟ್ರು ಕೂಡ ಒಂದು ಮೂಟೆ ಶೇಂಗಾ ಹೊತ್ತುಕೊಂಡು ಹೋದರು. ನಾನು ದಾರಿಯಲ್ಲಿ ತಡೆದು ಕೇಳಿದೆ, "ಏನು ಮೇಷ್ಟ್ರೇ, ನೀವೂನಾ?" ಅವರು ತಲೆ ತಗ್ಗಿಸಿ, "ನಿಮ್ಮನೆಯೋರೇ ಸೋತ ಮೇಲೆ ನಾನು ಯಾವ ಧೈರ್ಯದ ಮೇಲೆ ಕೂರಲಿ ತಿಮ್ಮರಾಯಪ್ಪ" ಎಂದರು. ಅಶ್ವತ್ಥಯ್ಯನ ಎದುರಿನ ಬೆಂಚು ಖಾಲಿಯಾಯಿತು. ಆ ಮೂರು ತಿಂಗಳಲ್ಲಿ ರಸ್ತೆ ಬೆಳೆದಷ್ಟು ಅದಕ್ಕೆ ಹಿಂದಿನ ಮೂರು ವರ್ಷದಲ್ಲಿ ಬೆಳೆದಿರಲಿಲ್ಲ. ಮೂರು ಮೈಲಿಯ ಮೇಲೆ ಒಂದು ಫರ್ಲಾಂಗು. ಸಾಹೇಬರಿಗೆ ಬಡ್ತಿ ಸಿಕ್ಕಿತು, ಕಚೇರಿಯಲ್ಲಿ ಮೈಸೂರು ಪಾಕು ಹಂಚಿದರು. ನನ್ನ ಎಂಟು ಸರಪಳಿಯ ಲೆಕ್ಕದಲ್ಲಿ ಈ ಮೂರು ಮೈಲಿ ಸೇರಿರಲಿಲ್ಲ. ಇಪ್ಪತ್ತು ವರ್ಷ ಅಳೆದವನಿಗೆ ಇಷ್ಟು ತಿಳಿಯಲಿಲ್ಲವಲ್ಲ ಎಂದು ನನಗೆ ನನ್ನ ಮೇಲೇ ಅಸಹ್ಯವಾಯಿತು.

ಎಂಟೂಕಾಲಿಗೆ ಮುಟ್ಟುತ್ತಿದ್ದ ವ್ಯಾನು ಎಂಟೂ ಇಪ್ಪತ್ತಕ್ಕೆ ಮುಟ್ಟಿತು. ಆಮೇಲೆ ಎಂಟೂ ಇಪ್ಪತ್ತೈದಕ್ಕೆ. ಚಹಾ ನಿಂತಿತು. ಕ್ಯಾನುಗಳನ್ನು ಓಡಿಕೊಂಡು ಹೊತ್ತು ಹಾಕಬೇಕಾಯಿತು. ಗಿರಿಯಮ್ಮ ಮಾತ್ರ ಇಳಿಯುವುದು ಬಿಡಲಿಲ್ಲ. ಮೊದಲಿಗಿಂತ ಬೀಸುಬೀಸಾಗಿ ನಡೆಯುತ್ತಿದ್ದಳು, ಕೊನೆಕೊನೆಗೆ ಸೀರೆ ಎತ್ತಿ ಕಟ್ಟಿ ಓಡುತ್ತಿದ್ದಳು. ಐವತ್ತರ ಹತ್ತಿರದ ಹೆಂಗಸು ಆ ಬೋಳು ನೆಲದ ನಡುವೆ ಓಡುವುದನ್ನು ನಾನು ವ್ಯಾನಿನ ಹಿಂದಿನಿಂದ ನೋಡುತ್ತಿದ್ದೆ. ಅವಳು ಒಂದು ದಿನವೂ ನನ್ನನ್ನು ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು.

ಜ್ಯೇಷ್ಠದ ಒಂದು ಸೋಮವಾರ ಹೊನ್ನೂರಮ್ಮನ ಎಮ್ಮೆ ಒದ್ದು ಹಾಲು ಕೊಡಲು ತಡಮಾಡಿತು. ಊರು ಬಿಟ್ಟಾಗಲೇ ನಾಲ್ಕು ನಿಮಿಷ ತಡ. ಹೊನ್ನೂರಮ್ಮ ತನ್ನಿಂದಲೇ ತಡವಾಯಿತು ಎಂದು ಸುಮ್ಮನಿರಲಾರದೆ ತಾನೂ ವ್ಯಾನು ಹತ್ತಿ, ನನ್ನ ಎದುರಿಗೆ ಕ್ಯಾನು ತಬ್ಬಿಕೊಂಡು ಕೂತಿದ್ದಳು. ದಸ್ತಗೀರ ಗುಂಡಿಗಳನ್ನೂ ಲೆಕ್ಕಿಸದೆ ಓಡಿಸಿದ. ಒಂಬತ್ತನೆಯ ಮೈಲಿ ದಾಟುವಾಗ ನಾನು ಗಡಿಯಾರ ನೋಡಿದೆ. ನಿಲ್ಲಿಸದೆ ಹೋದರೆ ಒಂದು ನಿಮಿಷ ಉಳಿಯುತ್ತದೆ. ನಿಲ್ಲಿಸಿದರೆ ಇಲ್ಲ. ಹೊನ್ನೂರಮ್ಮನಿಗೂ ಅದು ಗೊತ್ತಿತ್ತು. ಅವಳು ಕ್ಯಾನಿನ ಮುಚ್ಚಳವನ್ನೇ ನೋಡುತ್ತಿದ್ದಳು.

ಖಾಲಿ ಕಲ್ಲು ಕಂಡಿತು. ಮುಂದಿನ ಸೀಟಿನಿಂದ ದನಿ ಬರಲಿಲ್ಲ. ದಸ್ತಗೀರ ಒಮ್ಮೆ ಅವಳ ಕಡೆ, ಒಮ್ಮೆ ರಸ್ತೆಯ ಕಡೆ ನೋಡಿದ.

ನನಗೆ ಏನಾಯಿತೋ ಗೊತ್ತಿಲ್ಲ. ಆ ತುಂಡನ್ನು ರಸ್ತೆಗೆ ತಂದವನು ನಾನು. ಈಗ ಅವಳು ಇಳಿಯದಿದ್ದರೆ ಎಲ್ಲ ಹೋಯಿತು ಎಂದು ಅನ್ನಿಸಿದ್ದೂ ನನಗೇ. ಹಿಂದಿನಿಂದ ತಗಡು ಬಡಿದು ಕೂಗಿದೆ. "ನಿಲ್ಸು ದಸ್ತಗೀರ, ನಿಲ್ಸು. ಅವಳು ಇಳೀಬೇಕು."

ವ್ಯಾನು ನಿಧಾನವಾಯಿತು.

"ಬೇಡ, ಹೋಗ್ಲಿ ದಸ್ತಗೀರಣ್ಣ," ಎಂದಳು ಗಿರಿಯಮ್ಮ. "ಹೊತ್ತಾಯ್ತು."

ಎಂಟು ಸರಪಳಿ ಹದಿನಾರು ಕೊಂಡಿ ದಾಟಲು ವ್ಯಾನಿಗೆ ಎಷ್ಟು ಹೊತ್ತು ಬೇಕು. ದಾಟಿಬಿಟ್ಟೆವು. ಸ್ಟೇಷನ್ನಿನಲ್ಲಿ ಗಾರ್ಡು ಹಸಿರು ಬಾವುಟ ಎತ್ತಿದ್ದ. ನಾವು ನಾಲ್ವರೂ ಬಿದ್ದು ಎದ್ದು ಅಷ್ಟೂ ಕ್ಯಾನು ಏರಿಸಿದೆವು. ಡೇರಿಯವನು ಅಂಗೈ ನೆಕ್ಕಿ ನೋಡಿ, "ಹಾಲು ಚೆನ್ನಾಗದೆ" ಎಂದ. ಹೊನ್ನೂರಮ್ಮ ಅಲ್ಲೇ ನೆಲದ ಮೇಲೆ ಕುಸಿದು ಕೂತು, ನಗುತ್ತ ಕಣ್ಣೊರೆಸಿಕೊಂಡಳು.

ವಾಪಸ್ ಬರುವಾಗ ಯಾವ ಅವಸರವೂ ಇರಲಿಲ್ಲ. ಆ ತುಂಡಿನ ಹತ್ತಿರ ಬಂದಾಗ ದಸ್ತಗೀರ ತಾನಾಗಿಯೇ ವ್ಯಾನು ನಿಲ್ಲಿಸಿ, ಇಂಜಿನ್ನೂ ಆರಿಸಿ ಕಾದ. ಗಿರಿಯಮ್ಮ ಕೂತೇ ಇದ್ದಳು. ಅವನ ಕಡೆ ತಿರುಗಿ, "ಯಾಕಪ್ಪ ನಿಲ್ಲಿಸಿದೆ?" ಎಂದು ಕೇಳಿದಳು.